ದೇವರ ಪುರಾವೆ ಮತ್ತು ಮಾಷ್ಟ್ರ ಡಿಗ್ರಿ

ದಿನವಿಡೀ ಪುರಾವೆ ಕೇಳುವುದೇ ಕೆಲಸವಾದವನಿಗೆ ರಜೆಯ ದಿನವಾದರೂ ಯಾರೂ ಆ ಮಾತು ಎತ್ತದಿದ್ದರೆ ಸಾಕು ಅನಿಸುತ್ತದೆ. ನನ್ನ ಹಣೆಯಲ್ಲಿ ಅದು ಬರೆದಿಲ್ಲ. ವಾರಕ್ಕೊಂದಾದರೂ ಇಂಥದ್ದು ನಡೆದೇ ನಡೆಯುತ್ತದೆ, ನಡೆದದ್ದನ್ನು ನಾಲ್ಕು ಜನರಿಗೆ ಹೇಳದೆ ನನಗೂ ತಿಂದದ್ದು ಕರಗುವುದಿಲ್ಲ.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಟೈಪಿಂಗ್ ಸೆಂಟರಿನಲ್ಲಿ ನಾನು ಕೂತು ಇಪ್ಪತ್ತೆರಡು ವರ್ಷವಾಯಿತು. ವೀಸಾದ ಅರ್ಜಿ ತುಂಬುವುದು, ಊರಿನ ಸರ್ಟಿಫಿಕೇಟುಗಳಿಗೆ ಅಟೆಸ್ಟೇಶನ್ ಮಾಡಿಸುವುದು ನನ್ನ ಕೆಲಸ. ನೀವು ಹುಟ್ಟಿದ್ದೀರಿ ಅನ್ನುವುದಕ್ಕೆ ನೀವು ಎದುರಿಗೆ ಬಂದು ಕೂತರೆ ಸಾಲದು, ಕಾಗದ ಬೇಕು. ಹೆಂಡತಿ ಪಕ್ಕದಲ್ಲೇ ನಿಂತು ಬೈಯುತ್ತಿದ್ದರೂ ಅವಳು ನಿಮ್ಮ ಹೆಂಡತಿ ಅನ್ನುವುದಕ್ಕೆ ಕಾಗದ ಬೇಕು, ಆ ಕಾಗದದ ಬೆನ್ನ ಮೇಲೆ ಮೂರು ಕಚೇರಿಗಳ ಸೀಲು ಬೇಕು.

ಮನೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ಒಂದು ವಿಲ್ಲಾವನ್ನು ಮೂರು ಪಾಲು ಮಾಡಿಕೊಂಡು ಮೂರು ಸಂಸಾರಗಳು ಇದ್ದೇವೆ. ಒಂದರಲ್ಲಿ ನಾನು, ಉಪ್ಪಿನಂಗಡಿ ಕಡೆಯ ಬ್ಯಾರಿ. ಇನ್ನೊಂದರಲ್ಲಿ ಪುತ್ತೂರಿನ ಮಾಷ್ಟ್ರು. ಹತ್ತಿರದ ಇಂಡಿಯನ್ ಶಾಲೆಯಲ್ಲಿ ಫಿಸಿಕ್ಸ್ ಕಲಿಸುತ್ತಾರೆ, ದೇವರಿಗೆ ದೀಪ ಇಡದೆ ಬೆಳಗಿನ ಚಹಾ ಮುಟ್ಟುವುದಿಲ್ಲ. ಮೂರನೆಯದರಲ್ಲಿ ದಾವಣಗೆರೆಯ ಮ್ಯಾನೇಜರ್ರು. ಒಂದು ಹೋಟೆಲಿನಲ್ಲಿ ಪರ್ಚೇಸ್ ಮ್ಯಾನೇಜರ್, ಅಪ್ಪಟ ನಾಸ್ತಿಕರು. ವಿಜ್ಞಾನ ಕಲಿಸುವವರು ಆಸ್ತಿಕರು, ಈರುಳ್ಳಿ ಖರೀದಿ ಮಾಡುವವರು ನಾಸ್ತಿಕರು. ಇದು ಹೇಗಾಯಿತು ಅಂತ ನನ್ನನ್ನು ಕೇಳಬೇಡಿ.

ಶನಿವಾರ ಬೆಳಿಗ್ಗೆ ಅಂಗಳದ ನುಗ್ಗೆ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಇಬ್ಬರೂ ಕೂರುತ್ತಾರೆ. ದೇವರು ಇದ್ದಾನೋ ಇಲ್ಲವೋ ಅನ್ನುವುದು ಅವರ ವಿಷಯವಲ್ಲ, ಆ ಹಂತವನ್ನು ಅವರು ಯಾವತ್ತೂ ತಲುಪಿಲ್ಲ. ಪುರಾವೆ ತರಬೇಕಾದವರು ಯಾರು ಅನ್ನುವಲ್ಲೇ ಹನ್ನೆರಡು ವರ್ಷದಿಂದ ನಿಂತಿದ್ದಾರೆ. ಇದ್ದಾನೆ ಅನ್ನುವವರು ತರಲಿ ಅಂತ ಮ್ಯಾನೇಜರ್ರು. ಇಲ್ಲ ಅನ್ನುವವರು ತರಲಿ ಅಂತ ಮಾಷ್ಟ್ರು. ಬಂದಿರುವುದು ಪರದೇಶಕ್ಕೆ, ಮಾತು ಧರ್ಮದ್ದು, ಯಾರ ಮನಸ್ಸಿಗೂ ನೋವಾಗಬಾರದು, ಕಾನೂನೂ ಬಿಗಿ. ಹಾಗಾಗಿ ವಾದವೆಲ್ಲ ಪಿಸುಮಾತಿನಲ್ಲಿ. ಕತ್ತಿನ ನರ ಉಬ್ಬಿರುತ್ತದೆ, ಮುಖ ಕೆಂಪಾಗಿರುತ್ತದೆ, ದನಿ ಮಾತ್ರ ಮಗು ಮಲಗಿದ ಮನೆಯಲ್ಲಿ ಮಾತಾಡಿದ ಹಾಗೆ.

ನ್ಯಾಯ ಹೇಳುವುದಕ್ಕೆ ನಾನು. ಪುರಾವೆ ನೋಡಿ ನೋಡಿ ಕಣ್ಣು ಪಳಗಿದವನಂತೆ. ಬಿಸಿ ಏರಿದಾಗ "ನಮಾಜಿಗೆ ಹೊತ್ತಾಯ್ತು" ಅಂತ ಎದ್ದುಬಿಡುತ್ತೇನೆ. ಒಮ್ಮೆ ಮ್ಯಾನೇಜರ್ರು ಗಡಿಯಾರ ನೋಡಿ, "ಭಾಯ್, ಬೆಳಿಗ್ಗೆ ಹತ್ತೂವರೆಗೆ ಯಾವ ನಮಾಜ್ರೀ?" ಅಂದರು.

"ನಿಮ್ಮಿಬ್ಬರ ಬಾಯಿ ನಿಲ್ಲಲಿ ಅಂತ ಮಾಡುವ ದುವಾ. ಅದಕ್ಕೆ ಟೈಮ್ ಇಲ್ಲ" ಅಂದೆ.

೧. ಇಲ್ಲ ಅನ್ನುವುದಕ್ಕೂ ಸೀಲುಂಟು

ಒಂದು ಶನಿವಾರ ಮ್ಯಾನೇಜರ್ರು ಬಹಳ ಹುರುಪಿನಲ್ಲಿದ್ದರು. "ಇಲ್ಲದೆ ಇರೋದನ್ನ ಇಲ್ಲ ಅಂತ ಸಾಬೀತು ಮಾಡೋಕೆ ಯಾರ ಕೈಲೂ ಆಗಲ್ಲ ಮೇಷ್ಟ್ರೇ. ಜಗತ್ತಿನಾಗೆ ಎಲ್ಲೂ ಆ ಪದ್ಧತಿ ಇಲ್ಲ. ಭಾಯ್, ನೀವೇ ಹೇಳ್ರಿ, ನಿಮ್ ಆಫೀಸಿನಾಗೆ 'ಇಲ್ಲ' ಅನ್ನೋದಕ್ಕೆ ಯಾರಾದ್ರೂ ಸರ್ಟಿಫಿಕೇಟ್ ತರ್ತಾರಾ?"

ಸುಳ್ಳು ಹೇಳಲು ನಾಲಿಗೆ ಹೊರಳುವುದಿಲ್ಲ, ಅದೊಂದು ದೌರ್ಬಲ್ಯ ನನಗೆ. "ತರ್ತಾರೆ" ಅಂದೆ. "ಮದುವೆ ಆಗಿಲ್ಲ ಅನ್ನುವುದಕ್ಕೆ ಉಂಟು. ಪೊಲೀಸ್ ಕೇಸ್ ಇಲ್ಲ ಅನ್ನುವುದಕ್ಕೆ ಉಂಟು. ಟಿಬಿ ಇಲ್ಲ ಅನ್ನುವುದಕ್ಕೂ ಉಂಟು. ವಾರಕ್ಕೆ ನಾಲ್ಕಾದರೂ ಬರ್ತದೆ."

ಮಾಷ್ಟ್ರು ಕುರ್ಚಿಯಿಂದ ಅರ್ಧ ಎದ್ದರು. "ಕೇಳಿದ್ರಾ? ಇಲ್ಲ ಅನ್ನುವುದಕ್ಕೂ ಕಾಗದ ಉಂಟಂತೆ! ಹಾಗಾದ್ರೆ ದೇವರಿಲ್ಲ ಅಂತ ನೀವೊಂದು ಸರ್ಟಿಫಿಕೇಟ್ ತನ್ನಿ. ನೋಟರಿಯದ್ದು ಬೇಡ, ಗೆಜೆಟೆಡ್ ಆಫೀಸರದ್ದು ಸಾಕು."

"ಆ ಆಫೀಸರ್ ಯಾರ್ರೀ? ಯಾವ ಇಲಾಖೆ?"

"ಅದನ್ನು ಹುಡುಕಬೇಕಾದ್ದು ನೀವು. ಅರ್ಜಿದಾರ ನೀವಲ್ವಾ ಮಾರಾಯ್ರೆ!"

ಮ್ಯಾನೇಜರ್ರು ನನ್ನ ಕಡೆ ತಿರುಗಿ, "ಆ ಮದುವೆ ಆಗಿಲ್ಲ ಅನ್ನೋ ಸರ್ಟಿಫಿಕೇಟ್ ನಂಬೋಕಾಗುತ್ತಾ ಭಾಯ್?" ಅಂತ ಕೇಳಿದರು.

"ಹೋದ ವರ್ಷ ಒಬ್ಬ ಡ್ರಾಫ್ಟ್ಸ್‌ಮನ್ ತಂದಿದ್ದ. ಎಲ್ಲ ಸೀಲೂ ಸರಿ ಇತ್ತು. ಸೀಲಿನ ಶಾಯಿ ಒಣಗುವ ಮೊದಲು ಊರಿಂದ ಅವನ ಹೆಂಡತಿ ಫೋನ್ ಮಾಡಿದಳು" ಅಂದೆ.

೨. ಮೂರು ಕೊಟೇಶನ್

ಪರ್ಚೇಸಿನವರಿಗೆ ಒಂದು ಕಾಯಿಲೆ ಇರುತ್ತದೆ. ಯಾವುದನ್ನೇ ಆಗಲಿ ಒಪ್ಪಿಕೊಳ್ಳುವ ಮೊದಲು ಮೂರು ಕಂಪನಿಗಳಿಂದ ಕೊಟೇಶನ್ ತರಿಸಬೇಕು. ನಮ್ಮ ಮ್ಯಾನೇಜರ್ರಿಗೆ ಇದು ರಕ್ತಕ್ಕೇ ಇಳಿದಿದೆ. ಮಗಳಿಗೆ ಜ್ವರ ಬಂದರೂ ಮೂರು ಡಾಕ್ಟರ್.

ಮಾಷ್ಟ್ರು ಒಂದು ದಿನ ಆಕಾಶದ ಕಡೆ ಕೈ ತೋರಿಸಿ, "ಇಷ್ಟೆಲ್ಲ ಮಾಡಿದವನು ಒಬ್ಬ ಬೇಡ್ವಾ?" ಅಂದರು.

"ಯಾರು ಸಪ್ಲೈ ಮಾಡಿದ್ದು? ಡೆಲಿವರಿ ನೋಟ್ ಐತಾ? ನಮ್ ಕಡೆಯಿಂದ ಮಾಲು ತಗೊಂಡು ಸೈನ್ ಹಾಕಿದೋರು ಯಾರು?" ಮ್ಯಾನೇಜರ್ರು ಬೆರಳು ಮಡಚುತ್ತಾ ಹೋದರು. "ಅದೂ ಬರೀ ಒಂದೇ ಪಾರ್ಟಿ ಹೆಸರು ಹೇಳ್ತೀರಿ. ಮೂರು ಕೊಟೇಶನ್ ಇಲ್ಲದೆ ನಾನು ಒಂದು ಪೊರಕೆನೂ ತಗೊಳ್ಳೋನಲ್ಲ."

ಒಳಗಿನಿಂದ ಚಹಾದ ತಟ್ಟೆ ಹಿಡಿದು ಬಂದ ಅವರ ಹೆಂಡತಿ ಇದನ್ನು ಕೇಳಿಸಿಕೊಂಡರು. "ಹೌದಣ್ಣಾ" ಅಂತ ನನಗೆ ಹೇಳಿದರು. "ನನ್ನ ನೋಡೋಕೆ ಬರೋ ಮುಂಚೆ ಇನ್ನಿಬ್ರು ಹುಡುಗೀರನ್ನ ನೋಡಿ ಬಂದಿದ್ರು. ನಾನು ಮೂರನೇ ಕೊಟೇಶನ್."

ಮ್ಯಾನೇಜರ್ರು ಹೆಮ್ಮೆಯಿಂದ ತಲೆಯಾಡಿಸಿದರು. "ನೋಡ್ರಿ, ಪದ್ಧತಿ ಅಂದ್ರೆ ಪದ್ಧತಿ."

ಆಕೆ ತಟ್ಟೆ ಕೆಳಗಿಟ್ಟು ಗಂಡನ ಮುಖ ನೋಡಿದರು. "ಅಲ್ಲಾ, ನಿಮ್ ಕಂಪನಿ ರೂಲ್ ಪ್ರಕಾರ ಮೂರರಾಗೆ ಎಲ್ಲಕ್ಕಿಂತ ಕಡಿಮೆದಕ್ಕೇ ಅಲ್ವಾ ಆರ್ಡರ್ ಕೊಡೋದು?"

ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಯಾರ ಮೇಲಿದೆ ಅನ್ನುವುದರಲ್ಲಿ ನಮ್ಮ ಮೂವರಿಗೂ ಅನುಮಾನವಿರಲಿಲ್ಲ. ಅವತ್ತು ಮ್ಯಾನೇಜರ್ರು ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ ಮಾಡಿದರು.

೩. ಧರ್ಮದ ಕಾಲಂ

ಮ್ಯಾನೇಜರ್ರ ವೀಸಾ ನವೀಕರಣಕ್ಕೆ ಬಂತು. ಅರ್ಜಿ ತುಂಬುವವನು ನಾನೇ. ಧರ್ಮ ಅನ್ನುವ ಕಾಲಂ ಬಂದಾಗ ಅವರು ನನ್ನ ಕೈ ಹಿಡಿದು, "ಈ ಸಲ 'ಇಲ್ಲ' ಅಂತ ಹಾಕ್ರಿ" ಅಂದರು. ಜೊತೆಗೆ ಬಂದಿದ್ದ ಮಾಷ್ಟ್ರು ಪೇಪರ್ ಓದುವ ನಟನೆ ಮಾಡುತ್ತಾ ಕಿವಿ ಇಲ್ಲಿಟ್ಟರು.

"ನಮ್ಮ ಸಿಸ್ಟಮಿನ ಪಟ್ಟಿಯಲ್ಲಿ 'ಇಲ್ಲ' ಅನ್ನುವುದು ಇಲ್ಲ" ಅಂದೆ.

"ಖಾಲಿ ಬಿಡ್ರಿ."

"ಖಾಲಿ ಬಿಟ್ಟರೆ ಮುಂದಿನ ಪುಟಕ್ಕೆ ಹೋಗುವುದಿಲ್ಲ."

"ಹಂಗಾದ್ರೆ ಈಗ ಏನೈತೆ ಅದರಾಗೆ?"

"ಹಿಂದೂ ಅಂತ ಉಂಟು. ಬದಲಾಯಿಸಬೇಕಾದರೆ ದಾಖಲೆ ಬೇಕು."

"ಯಾರ್ರೀ ಅದನ್ನ ಹಾಕಿದ್ದು, ನನ್ನ ಕೇಳದೆ?"

"ನಾನೇ. ಹನ್ನೆರಡು ವರ್ಷದ ಹಿಂದೆ ನೀವು ಇದೇ ಕುರ್ಚಿಯಲ್ಲಿ ಕೂತಿದ್ದಿರಿ. ಕೇಳಿದ್ದಕ್ಕೆ 'ಹಿಂದೂ ಅಂತ ಹಾಕ್ರಿ ಭಾಯ್, ದೇವರ ದಯೆಯಿಂದ ವೀಸಾ ಬಂದ್ರೆ ಸಾಕು' ಅಂದಿರಿ."

ಮಾಷ್ಟ್ರು ಪೇಪರ್ ಕೆಳಗಿಳಿಸಿದರು. "ವೀಸಾ ಬಂತಾ?" ಅಂತ ಬಹಳ ಮೆತ್ತಗೆ ಕೇಳಿದರು.

೪. ಖಾಲಿ ಉತ್ತರ ಪತ್ರಿಕೆ

ಮ್ಯಾನೇಜರ್ರ ಮಗಳು ಒಂಬತ್ತನೇ ಕ್ಲಾಸು, ಫಿಸಿಕ್ಸಿಗೆ ನಮ್ಮ ಮಾಷ್ಟ್ರೇ. ಒಂದು ಟೆಸ್ಟಿನಲ್ಲಿ ಹತ್ತು ಅಂಕದ ಪ್ರಶ್ನೆಗೆ ಅವಳು ಏನೂ ಬರೆಯದೆ ಪುಟ ಖಾಲಿ ಬಿಟ್ಟಳು. ಮಾಷ್ಟ್ರು ಸೊನ್ನೆ ಹಾಕಿದರು. ಸೊನ್ನೆ ಹಾಕಿದ್ದಕ್ಕೆ ಹುಡುಗಿ ಕ್ಲಾಸಿನಲ್ಲೇ ಎದ್ದು ನಿಂತು, "ಸರ್, ದಿ ಆನ್ಸರ್ ಈಸ್ ದೇರ್. ಯೂ ಜಸ್ಟ್ ಕಾಂಟ್ ಸೀ ಇಟ್" ಅಂದಳಂತೆ. ಕಣ್ಣಿಗೆ ಕಾಣದ್ದೆಲ್ಲ ಇಲ್ಲ ಅಂತಲ್ಲ ಎಂದು ನೀವೇ ಪ್ರತಿ ಶನಿವಾರ ಅಪ್ಪನಿಗೆ ಹೇಳುತ್ತೀರಲ್ಲ ಅಂತಲೂ ಸೇರಿಸಿದಳಂತೆ. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು.

ಸಂಜೆ ಮಾಷ್ಟ್ರು ಆ ಪತ್ರಿಕೆಯನ್ನು ಬೀಸುತ್ತಾ ಅಂಗಳಕ್ಕೆ ಬಂದರು. "ನಿಮ್ಮ ಮಗಳು ಹೀಗೆ ಹೇಳಿದಳು. ನೀವೇ ಬುದ್ಧಿ ಹೇಳಿ."

ಮ್ಯಾನೇಜರ್ರು ಪತ್ರಿಕೆ ನೋಡಿದರು, ಮಗಳ ಮುಖ ನೋಡಿದರು. ಹೆತ್ತ ಕರುಳು. "ಅವಳಿಗೆ ಉತ್ತರ ಗೊತ್ತಿತ್ತು ಮೇಷ್ಟ್ರೇ. ಬರೆದಿಲ್ಲ ಅಷ್ಟೇ."

"ಗೊತ್ತಿತ್ತು ಅನ್ನುವುದಕ್ಕೆ ಪುರಾವೆ ಎಂತ?"

"ಪುರಾವೆ ಯಾಕ್ರೀ? ನನಗೆ ನನ್ನ ಮಗಳ ಮೇಲೆ ನಂಬಿಕೆ ಐತೆ. ಅನುಭವ ಅಂತ ಒಂದು ಇರುತ್ತಲ್ಲ."

"ಅನುಭವ ಕಟ್ಟಿಕೊಂಡು ನಾನು ಎಂತ ಮಾಡ್ಲಿ? ಪುಟದಲ್ಲಿ ಕಾಣಬೇಕು. ಕಾಣದಿದ್ದರೆ ಇಲ್ಲ. ಅಷ್ಟೇ!"

"ಕಾಣದಿದ್ರೆ ಇಲ್ಲ ಅನ್ನೋದು ಎಂಥಾ ಒಣ ವಾದಾರಿ! ಗೊತ್ತಿರಲಿಲ್ಲ ಅಂತ ನೀವೇ ಸಾಬೀತು ಮಾಡ್ರಿ!"

ಸುಮಾರು ಕಾಲು ಗಂಟೆ ಹೀಗೇ ನಡೆಯಿತು. ಮಾಷ್ಟ್ರು ನಾಸ್ತಿಕರ ಕುರ್ಚಿಯಲ್ಲಿ, ಮ್ಯಾನೇಜರ್ರು ಆಸ್ತಿಕರ ಕುರ್ಚಿಯಲ್ಲಿ. ಇಬ್ಬರಿಗೂ ಅದು ಗೊತ್ತಿಲ್ಲ. ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದೆ. ಹುಡುಗಿ ನನ್ನ ಪಕ್ಕ ಬಂದು ಕೂತಳು.

"ಅಂಕಲ್, ಹೂ ಈಸ್ ವಿನ್ನಿಂಗ್?"

"ನೀನೇ ಮಗಳೇ" ಅಂದೆ. "ಆದರೆ ಅಂಕ ಸಿಗುವುದಿಲ್ಲ."

೫. ಸಾಕ್ಷಿ ಅಲ್ ಐನಿನಲ್ಲಿದ್ದಾನೆ

ಇದುವರೆಗೆ ನಗು. ಹೋದ ವರ್ಷ ಒಂದು ದಿನ ಮಾಷ್ಟ್ರು ನನ್ನ ಕೌಂಟರಿಗೆ ಬಂದು ಕೂತಾಗ ನಗು ಬರಲಿಲ್ಲ. ಶಾಲೆಯವರು ಎಲ್ಲ ಟೀಚರುಗಳ ಡಿಗ್ರಿಯೂ ಅಸಲಿ ಅಂತ ಆಯಾ ವಿಶ್ವವಿದ್ಯಾಲಯದಿಂದಲೇ ಪತ್ರ ತರಿಸಿ ಅಂದಿದ್ದರು. ಟರ್ಮ್ ಮುಗಿಯುವುದರೊಳಗೆ ಪತ್ರ ಬರದಿದ್ದರೆ ಕೆಲಸ ಇಲ್ಲ. ಕೆಲಸ ಇಲ್ಲದಿದ್ದರೆ ವೀಸಾ ಇಲ್ಲ. ಮಾಷ್ಟ್ರ ವೀಸಾದ ಮೇಲೆ ಹೆಂಡತಿ, ಹತ್ತನೇ ಕ್ಲಾಸಿನ ಮಗ, ಕಾಲು ನೋವಿನ ಅತ್ತೆ. ನಾಲ್ಕು ಜನ ಗಂಟುಮೂಟೆ ಕಟ್ಟಬೇಕು.

ಊರಿನ ವಿಶ್ವವಿದ್ಯಾಲಯದಿಂದ ಉತ್ತರ ಬಂದಿತ್ತು. ಅದನ್ನೇ ಮಾಷ್ಟ್ರು ನನ್ನ ಮುಂದೆ ಇಟ್ಟರು. ಆ ವರ್ಷದ ರಿಜಿಸ್ಟರು ಗೆದ್ದಲು ತಿಂದು ಹಾಳಾಗಿದೆ. ಆದಕಾರಣ ತಾನು ವ್ಯಾಸಂಗ ಮಾಡಿರುವುದಾಗಿ ಹೇಳುವ ಅಭ್ಯರ್ಥಿಯೇ ಅದಕ್ಕೆ ತಕ್ಕ ಪುರಾವೆಯನ್ನು ಒದಗಿಸತಕ್ಕದ್ದು.

"ನಾನು ಓದಿದ್ದು ಸತ್ಯ ಸಾಹೇಬ್ರೆ" ಅಂದರು ಮಾಷ್ಟ್ರು. "ಓದಿಲ್ಲ ಅಂತ ಅವರು ತೋರಿಸಲಿ ನೋಡುವ."

ಮಾತು ಬಾಯಿಂದ ಹೊರಗೆ ಬಂದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು. ಜೊತೆಗೆ ಬಂದಿದ್ದ ಮ್ಯಾನೇಜರ್ರು ಅವರ ಬೆನ್ನ ಹಿಂದೆಯೇ ನಿಂತಿದ್ದರು. ಅವರು ಏನೂ ಅನ್ನಲಿಲ್ಲ. ಹನ್ನೆರಡು ವರ್ಷದಲ್ಲಿ ಅವರು ಬಿಟ್ಟುಕೊಟ್ಟ ಮೊದಲ ಅವಕಾಶ ಅದು. ನನಗೆ ನಿಜಕ್ಕೂ ಭಯವಾಯಿತು.

ಒಬ್ಬ ಸಾಕ್ಷಿ ಇದ್ದಾನೆ ಅಂತ ಮಾಷ್ಟ್ರಿಗೆ ನೆನಪಾಯಿತು. ಕಾಲೇಜಿನಲ್ಲಿ ಅವರ ಬೆಂಚಿನಲ್ಲೇ ಕೂರುತ್ತಿದ್ದ ಭಟ್ಕಳದವರು, ಈಗ ಒಂದೂವರೆ ಗಂಟೆ ದಾರಿಯ ಅಲ್ ಐನಿನಲ್ಲಿ ಬಟ್ಟೆ ಅಂಗಡಿ. ಶನಿವಾರ ಮ್ಯಾನೇಜರ್ರ ಕಾರಿನಲ್ಲಿ ಮೂವರೂ ಹೊರಟೆವು. ಅಂಗಡಿಯವರು ಮಾಷ್ಟ್ರನ್ನು ತಬ್ಬಿಕೊಂಡರು, ಸುಲೈಮಾನಿ ಚಹಾ ತರಿಸಿದರು, ವಿಷಯ ಕೇಳಿ, "ಎಲ್ಲಿ ಸೈನ್ ಹಾಕಬೇಕು ಹೇಳು. ಹತ್ತು ಸೈನ್ ಹಾಕ್ತೇನೆ" ಅಂದರು.

ನಾನು ಅಭ್ಯಾಸಬಲದಿಂದ ಕೇಳಿದೆ. "ಮಾಷ್ಟ್ರು ಮೂರೂ ವರ್ಷ ದಿನಾ ಕ್ಲಾಸಿಗೆ ಬರುವುದನ್ನು ನೀವು ಕಣ್ಣಾರೆ ನೋಡಿದ್ದೀರಲ್ಲ?"

ಅವರು ತಲೆ ಕೆರೆದುಕೊಂಡರು. "ಅದು ನೋಡಬೇಕಾದರೆ ನಾನು ಕ್ಲಾಸಿನಲ್ಲಿ ಇರಬೇಕಲ್ಲ ಭಾಯಿ."

ವಿಚಾರಿಸಿದರೆ ಅವರು ಎರಡನೇ ವರ್ಷವೇ ಓದು ಬಿಟ್ಟು ದುಬೈ ವಿಮಾನ ಹತ್ತಿದವರು. ಖಲಾಸ್. ಸುಲೈಮಾನಿ ಮಾತ್ರ ಬಹಳ ಚೆನ್ನಾಗಿತ್ತು.

ವಾಪಸು ಬರುವಾಗ ಎರಡೂ ಕಡೆ ಮರಳು. ಅರ್ಧ ದಾರಿಯಲ್ಲಿ ಮಾಷ್ಟ್ರು ಕಿಟಕಿಯ ಹೊರಗೆ ನೋಡುತ್ತಾ, "ನಿಮಗಾದ್ರೂ ನಂಬಿಕೆ ಉಂಟಾ, ನಾನು ಬಿಎಸ್ಸಿ ಪಾಸಾಗಿದ್ದೇನೆ ಅಂತ?" ಅಂದರು.

"ಐತೆ" ಅಂದರು ಮ್ಯಾನೇಜರ್ರು, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

"ಪುರಾವೆ ಇಲ್ಲದೆ?"

"ಪುರಾವೆ ಇಲ್ಲದೆ."

ನನ್ನ ಕಣ್ಣು ತೇವವಾಯಿತು, ಸುಳ್ಳು ಯಾಕೆ ಹೇಳಲಿ. ಇದಕ್ಕಿಂತ ಒಳ್ಳೆಯ ಅವಕಾಶ ಮಾಷ್ಟ್ರಿಗೆ ಜನ್ಮದಲ್ಲಿ ಸಿಗುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರ ಬಾಯಿ ಎರಡು ಸಲ ತೆರೆದು ಮುಚ್ಚಿತು. ತಡೆದುಕೊಂಡರು. ಹತ್ತು ಕಿಲೋಮೀಟರು ತಡೆದುಕೊಂಡರು. ಹನ್ನೊಂದನೆಯದಕ್ಕೆ, "ನಾನೂ ದೇವರ ಬಗ್ಗೆ ಅದನ್ನೇ" ಅಂತ ಶುರು ಮಾಡಿದರು.

"ಇಳೀರಿ ಕಾರಿನಿಂದ" ಅಂದರು ಮ್ಯಾನೇಜರ್ರು.

೬. ಪುಟ ನಲವತ್ತೊಂದು

ಮಾಷ್ಟ್ರು ಓದಿದ ಕಾಲೇಜಿನ ಗ್ರಂಥಪಾಲಕರಿಗೆ ನಾನು ದಿನಾ ಫೋನ್ ಮಾಡಿ ತಲೆ ತಿನ್ನುತ್ತಿದ್ದೆ. ಅವರು ಅಟ್ಟ ಹತ್ತಿ, ಆ ವರ್ಷದ ಕಾಲೇಜು ವಾರ್ಷಿಕ ಸಂಚಿಕೆಯನ್ನು ಹುಡುಕಿ ತೆಗೆದರು. ಅದರ ನಲವತ್ತೊಂದನೆಯ ಪುಟದಲ್ಲಿ ಮಾಷ್ಟ್ರ ಫೋಟೋ ಸಮೇತ ಹೆಸರು, ಊರು, ತರಗತಿ ಎಲ್ಲ ಅಚ್ಚಾಗಿತ್ತು. ವಿಶ್ವವಿದ್ಯಾಲಯದವರು, ಆ ಪುಟದ ಪ್ರತಿ ಬಂದರೆ ಸಾಕು ಅಂದರು. ನಾನು ಅಲ್ಹಮ್ದುಲಿಲ್ಲಾ ಅಂದು, ಗ್ರಂಥಪಾಲಕರು ಕಳಿಸಿದ ಪುಟ ನೋಡಲು ವಾಟ್ಸ್ಯಾಪ್ ತೆರೆದೆ. ಪಕ್ಕದಲ್ಲಿ ಮಾಷ್ಟ್ರು ಕೈ ಮುಗಿದುಕೊಂಡು ಕೂತಿದ್ದರು.

ಫೋಟೋದಲ್ಲಿ ತಲೆ ತುಂಬ ಕೂದಲಿನ ತರುಣ, ಕೈಯಲ್ಲಿ ಬಹುಮಾನದ ದೊಡ್ಡ ಪರ್ಯಾಯ ಫಲಕ. ಕೆಳಗೆ ಹೆಸರು, ಊರಿನ ಜೊತೆ ಒಂದೇ ಸಾಲು: 'ಅಂತರ ಕಾಲೇಜು ಚರ್ಚಾ ಸ್ಪರ್ಧೆಯಲ್ಲಿ "ದೇವರಿಲ್ಲ" ಎಂಬ ವಿಷಯದ ಪರವಾಗಿ ವಾದಿಸಿ ಪ್ರಥಮ ಸ್ಥಾನ ಪಡೆದ ಅಂತಿಮ ಬಿಎಸ್ಸಿಯ ನಮ್ಮ ಹೆಮ್ಮೆಯ ವಿದ್ಯಾರ್ಥಿ'. ಅದರ ಕೆಳಗೆ ಭಾಷಣ, ಪೂರ್ತಿ.

ಮಾಷ್ಟ್ರ ಮುಖ ಸುಣ್ಣವಾಯಿತು. "ಸಾಹೇಬ್ರೆ, ಇದು ಬೇಡ. ಬೇರೆ ಎಂತಾದರೂ ಸಿಗ್ತದಾ ನೋಡುವ."

"ಮಾಷ್ಟ್ರೆ, ಟರ್ಮ್ ಮುಗಿಯಲು ಎಂಟು ದಿನ ಉಂಟು."

"ಆ ಸಾಲು ಕತ್ತರಿಸಲಿಕ್ಕೆ ಆಗುವುದಿಲ್ವಾ?"

"ನಿಮ್ಮ ಬಿಎಸ್ಸಿಯೂ ಅದೇ ಸಾಲಿನಲ್ಲಿ ಉಂಟು. ದೇವರಿಲ್ಲ ಅನ್ನುವುದನ್ನು ಕತ್ತರಿಸಿದರೆ ಡಿಗ್ರಿಯೂ ಹೋಗ್ತದೆ."

ಮಾಷ್ಟ್ರು ಕೂತು ಯೋಚಿಸಿದರು. ಒಂದು ಕಡೆ ನಾಲ್ಕು ಜನರ ವೀಸಾ. ಇನ್ನೊಂದು ಕಡೆ ಮ್ಯಾನೇಜರ್ರ ನಗು. ಎರಡನ್ನೂ ತೂಗಿ ನೋಡುತ್ತಿದ್ದಾರೆ, ಆದರೆ ತಕ್ಕಡಿ ಯಾವ ಕಡೆಗೂ ವಾಲುತ್ತಿಲ್ಲ ಅಂತ ನನಗೆ ಕಂಡಿತು. ಅಷ್ಟರಲ್ಲಿ ಮಾಷ್ಟ್ರ ಹೆಂಡತಿಯ ಫೋನ್ ಬಂತು. ನಾನು ವಿಷಯ ಹೇಳಿದೆ. ಸ್ಪೀಕರಿನಲ್ಲಿ ಆಕೆಯ ದನಿ ಇಡೀ ಸೆಂಟರಿಗೆ ಕೇಳಿಸಿತು. "ದೇವರು ಇರ್ಲಿ ಬಿಡ್ಲಿ, ಆ ಕಾಗದ ಕಳಿಸದೆ ಮನೆಗೆ ಬಂದ್ರೆ ನಾನು ಇರುವುದಿಲ್ಲ ಅಂತ ಹೇಳಿ!"

ಇದಕ್ಕೆ ಪುರಾವೆ ಬೇಕು ಅಂತ ಮಾಷ್ಟ್ರಿಗೂ ಅನಿಸಲಿಲ್ಲ. "ಕಳಿಸಿ. ಆದರೆ ಮ್ಯಾನೇಜರ್ರಿಗೆ ಮಾತ್ರ ಗೊತ್ತಾಗಬಾರದು" ಅಂದರು. ನಾನು ಖುರಾನಿನ ಮೇಲೆ ಆಣೆ ಇಡುವುದೊಂದು ಬಾಕಿ.

ಮರುದಿನ ವಿಶ್ವವಿದ್ಯಾಲಯದಿಂದ ಇನ್ನೊಂದು ನಮೂನೆ ಬಂತು. ಪುಟದಲ್ಲಿರುವ ವ್ಯಕ್ತಿಯೂ ಅರ್ಜಿದಾರನೂ ಒಬ್ಬನೇ ಎಂದು ಇನ್ನೊಬ್ಬರು ಪ್ರಮಾಣ ಮಾಡಬೇಕು. ಹಾಗೆ ಮಾಡುವವರು ರಕ್ತಸಂಬಂಧಿಯಾಗಿರಬಾರದು, ಹತ್ತು ವರ್ಷಕ್ಕಿಂತ ಹೆಚ್ಚು ಪರಿಚಯ ಇರಬೇಕು, ಪದವೀಧರರಾಗಿರಬೇಕು. ನಾನು ಪಿಯುಸಿ. ಅಲ್ ಐನಿನವರು ಅರ್ಧಕ್ಕೆ ಬಿಟ್ಟವರು. ಉಳಿದ ಪದವೀಧರರು ಒಬ್ಬರೇ.

ಸಂಜೆ ಮ್ಯಾನೇಜರ್ರು ನನ್ನ ಕೌಂಟರಿಗೆ ಬಂದರು. ಪರ್ಚೇಸಿನವರು ಓದದೆ ಸೈನ್ ಹಾಕುವ ಜಾತಿಯಲ್ಲ. ಕನ್ನಡಕ ಹಾಕಿಕೊಂಡು ಪುಟ ನಲವತ್ತೊಂದನ್ನು ಮೊದಲಿಂದ ಕೊನೆಯವರೆಗೆ ತುಟಿ ಅಲ್ಲಾಡಿಸುತ್ತಾ ಓದಿದರು. ಮಾಷ್ಟ್ರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

ಒಂದು ಕಡೆ ಮ್ಯಾನೇಜರ್ರ ಬೆರಳು ನಿಂತಿತು. ಗಟ್ಟಿಯಾಗಿ ಓದಿದರು. "'ಇಲ್ಲದ್ದನ್ನು ಇಲ್ಲವೆಂದು ತೋರಿಸುವ ಕರ್ಮ ನನಗೇಕೆ? ಇದೆ ಎಂದವರೇ ತಂದು ಈ ಮೇಜಿನ ಮೇಲೆ ಇಡಲಿ!' ಮೇಷ್ಟ್ರೇ, ಹನ್ನೆರಡು ವರ್ಷದಿಂದ ನಾನು ಹೇಳೋಕೆ ಒದ್ದಾಡ್ತಿರೋದನ್ನ ಎರಡು ಸಾಲಿನಾಗೆ ಹೇಳಿಬಿಟ್ಟೀರಲ್ರಿ! ನನಗೊಂದು ಕಾಪಿ ಬೇಕು."

"ಅದು ನನ್ನ ಅಭಿಪ್ರಾಯ ಅಲ್ಲ!" ಮಾಷ್ಟ್ರು ತಿರುಗಿದರು. "ಚರ್ಚಾ ಸ್ಪರ್ಧೆಯಲ್ಲಿ ಪರವೋ ವಿರೋಧವೋ ಅಂತ ಚೀಟಿ ಎತ್ತಿಸ್ತಾರೆ. ಮಹಾಗಣಪತಿಗೆ ಕೈ ಮುಗಿದು ಎತ್ತಿದೆ. ಪರ ಬಂತು. ನಾನೆಂತ ಮಾಡ್ಲಿ?"

"ಅಂದ್ರೆ ದೇವರಿಲ್ಲ ಅಂತ ವಾದ ಮಾಡೋಕೆ ದೇವರೇ ಚೀಟಿ ಕೊಟ್ನಾ?"

"ಕೊಟ್ಟದ್ದು ಮಾತ್ರ ಅಲ್ಲ, ಗೆಲ್ಲಿಸಿದ. ಫಲಕ ಕಾಣ್ತದಲ್ಲ ಕೈಯಲ್ಲಿ? ಇದಕ್ಕಿಂತ ಪುರಾವೆ ಬೇಕಾ?"

ಮ್ಯಾನೇಜರ್ರು ನಗುತ್ತಾ ಪೆನ್ನು ತೆಗೆದು ಪ್ರಮಾಣಪತ್ರದ ನಮೂನೆಯನ್ನು ಎಳೆದುಕೊಂಡರು. ಮೊದಲ ಸಾಲು ಓದಿದವರೇ ನಗು ನಿಲ್ಲಿಸಿದರು. 'ಸರ್ವಶಕ್ತನಾದ ದೇವರ ಸಾಕ್ಷಿಯಾಗಿ ನಾನು ಪ್ರಮಾಣೀಕರಿಸುವುದೇನೆಂದರೆ' ಅಂತ ಅಚ್ಚಾಗಿತ್ತು.

"ಭಾಯ್, ಇದನ್ನ ಆತ್ಮಸಾಕ್ಷಿ ಅಂತ ತಿದ್ದಬಹುದಾ?"

"ತಿದ್ದಿದರೆ ಸ್ವೀಕರಿಸುವುದಿಲ್ಲ ಅಂತ ಕೆಳಗೆ ಉಂಟು."

ಈಗ ಗೋಡೆಯ ಕಡೆ ನೋಡುವ ಸರದಿ ಮ್ಯಾನೇಜರ್ರದ್ದಾಯಿತು. ಮಾಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆದರೆ ಅವರು ನಗಲಿಲ್ಲ. "ಬೇಡ ಮಾರಾಯ್ರೆ" ಅಂದರು. "ನಿಮಗೆ ಮನಸ್ಸಿಲ್ಲದ್ದನ್ನು ನನಗೋಸ್ಕರ ಬರೆಯುವುದು ಬೇಡ. ನಾನು ಬೇರೆ ಯಾರನ್ನಾದರೂ ಹುಡುಕ್ತೇನೆ."

"ಏಳು ದಿನದಾಗೆ ಯಾರ್ರೀ ಸಿಗ್ತಾರೆ ನಿಮಗೆ?" ಮ್ಯಾನೇಜರ್ರು ರೇಗಿದರು. ರೇಗುತ್ತಲೇ ಸೈನ್ ಹಾಕಿದರು. ಪೆನ್ನು ಕಾಗದ ಹರಿಯುವ ಹಾಗೆ ಒತ್ತಿ ಹಾಕಿದರು. ದೇವರನ್ನು ನಂಬುವ ನಾನು ಎಷ್ಟೋ ಪ್ರಮಾಣಪತ್ರ ನೋಡಿದ್ದೇನೆ. ಇಷ್ಟು ಸತ್ಯವಾಗಿ ದೇವರ ಹೆಸರಿನಲ್ಲಿ ಸೈನ್ ಹಾಕಿದವರನ್ನು ನೋಡಿಲ್ಲ.

ಎರಡೂ ಕಾಗದಕ್ಕೆ ಒಂದೇ ಪಿನ್ನು ಹೊಡೆದು ಕೊರಿಯರ್ ಮಾಡಿದೆ. ದೇವರಿಲ್ಲ ಅನ್ನುವ ಆಸ್ತಿಕರ ಕಾಗದ, ದೇವರ ಸಾಕ್ಷಿಯಾಗಿ ಅನ್ನುವ ನಾಸ್ತಿಕರ ಕಾಗದ. ಟರ್ಮ್ ಮುಗಿಯಲು ಒಂದು ದಿನ ಇರುವಾಗ ವಿಶ್ವವಿದ್ಯಾಲಯದ ಪತ್ರ ಬಂತು. ನಾನೇ ಅಂಗಳದಲ್ಲಿ ಓದಿದೆ. 'ಅರ್ಜಿದಾರರು ಸಲ್ಲಿಸಿರುವ ಎರಡೂ ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಅವುಗಳಲ್ಲಿನ ಎಲ್ಲ ಅಂಶಗಳೂ ಸತ್ಯವೆಂದು ಕಂಡುಬಂದಿರುತ್ತವೆ.'

ಮಾಷ್ಟ್ರ ಹೆಂಡತಿ ಅತ್ತರು. ಮ್ಯಾನೇಜರ್ರ ಹೆಂಡತಿ ಅವರನ್ನು ತಬ್ಬಿಕೊಂಡರು. ಮಾಷ್ಟ್ರೂ ಮ್ಯಾನೇಜರ್ರೂ ಕೈ ಕುಲುಕಿದರು, ಒಂದು ನಿಮಿಷ ಬಿಡಲೇ ಇಲ್ಲ. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕೈಯ ಪತ್ರದ ಕಡೆ ನೋಡಿದರು.

"ಎಲ್ಲ ಅಂಶಗಳೂ ಸತ್ಯ ಅಂತ ಉಂಟಲ್ಲ" ಅಂದರು ಮಾಷ್ಟ್ರು. "ಹಾಗಾದ್ರೆ ನಿಮ್ಮ ಕಾಗದದ ಸರ್ವಶಕ್ತನಾದ ದೇವರೂ ಸತ್ಯ."

"ಪುಟ ನಲವತ್ತೊಂದೂ ಸತ್ಯ ಅಂತಾನೇ ಐತೆ" ಅಂದರು ಮ್ಯಾನೇಜರ್ರು. "ಇಲ್ಲ ಅನ್ನೋದಕ್ಕೆ ಗೆಜೆಟೆಡ್ ಆಫೀಸರ್ ಸೀಲ್ ಕೇಳಿದ್ರಲ್ಲ, ನೋಡ್ಕೊಳ್ರಿ!"

ಇಬ್ಬರಿಗೂ ಅದರ ಒಂದೊಂದು ಪ್ರತಿ ಬೇಕಾಯಿತು. ಮಾಷ್ಟ್ರು ದೇವರ ಕೋಣೆಯಲ್ಲಿ ಇಡುತ್ತಾರಂತೆ. ಮ್ಯಾನೇಜರ್ರು ಹಾಲಿನ ಗೋಡೆಗೆ ಫ್ರೇಮ್ ಹಾಕಿಸುತ್ತಾರಂತೆ. ಫೋಟೋಕಾಪಿ ಮಾಡಿ ತರುತ್ತೇನೆ ಅಂತ ನಾನು ಎದ್ದೆ.

"ಬರೀ ಫೋಟೋಕಾಪಿ ಬೇಡ" ಅಂತ ಇಬ್ಬರೂ ಒಟ್ಟಿಗೆ, ಜೀವನದಲ್ಲಿ ಮೊದಲ ಸಲ ಒಂದೇ ಅಭಿಪ್ರಾಯದಿಂದ, ಪಿಸುಮಾತು ಬಿಟ್ಟು, ಒಬ್ಬರ ಕಡೆ ಇನ್ನೊಬ್ಬರು ಬೆರಳು ತೋರಿಸುತ್ತಾ ಜೋರಾಗಿಯೇ ಹೇಳಿದರು. "ಅಟೆಸ್ಟ್ ಮಾಡಿಸಿಯೇ ಕೊಡಿ. ನಾಳೆ ಇವರು ಪುರಾವೆ ಕೇಳ್ತಾರೆ!"